ಭೂಮಿಯ ನಡುವಿನ ಕಬ್ಬಿಣ ಎಷ್ಟು ಗಟ್ಟಿ?

2023ರ ಜನವರಿಯಲ್ಲಿ ಒಂದು ಸುದ್ದಿ ಬಂತು: ಭೂಮಿಯ ಒಳಗಿನ ಕಬ್ಬಿಣದ ಗೋಳ ತಿರುಗುವುದನ್ನು ನಿಲ್ಲಿಸಿದೆ. 2024ರ ಜೂನ್‌ನಲ್ಲಿ ಇನ್ನೊಂದು ಬಂತು: ಅದೀಗ ಹಿಂದಕ್ಕೆ ತಿರುಗುತ್ತಿದೆ. 2025ರ ಫೆಬ್ರುವರಿಯಲ್ಲಿ ಮತ್ತೊಂದು: ಆ ಗೋಳದ ಮೇಲ್ಮೈ ಆಕಾರ ಬದಲಿಸುತ್ತಿದೆ. ಮೂರನ್ನೂ ಓದಿದವರಿಗೆ ಭೂಮಿಗೆ ಏನಾಗುತ್ತಿದೆ ಎಂಬ ಗಾಬರಿ ಹುಟ್ಟಿದ್ದರೆ ಅದು ಅವರ ತಪ್ಪಲ್ಲ. ತಲೆಬರಹಗಳು ಇದ್ದದ್ದೇ ಹಾಗೆ.

ಈ ಗಾಬರಿಯ ಒಳಗೆ ಒಂದು ಒಳ್ಳೆಯ ಪ್ರಶ್ನೆ ಇದೆ. ಒಳ ಕೇಂದ್ರಗೋಳ ಘನರೂಪದಲ್ಲಿದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿರುವುದು ಮುಖ್ಯವಾಗಿ ಕಬ್ಬಿಣ, ಜೊತೆಗೆ ಸ್ವಲ್ಪ ನಿಕಲ್. ಅದರ ಮೇಲೆ ಇಡೀ ಭೂಮಿಯ ಭಾರ ಬಿದ್ದಿದೆ. ಅಂಥ ಗಟ್ಟಿ ಕಬ್ಬಿಣದ ಗುಂಡು ಕೆಲವೇ ವರ್ಷಗಳಲ್ಲಿ ಆಕಾರ ಬದಲಿಸುವುದು ಹೇಗೆ ಸಾಧ್ಯ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಉಳಿದ ಎರಡು ಸುದ್ದಿಗಳೂ ಬಿಡಿಸಿಕೊಳ್ಳುತ್ತವೆ.

## "ನಿಂತಿದೆ" ಅಂದರೆ ಯಾವುದಕ್ಕೆ ಹೋಲಿಸಿ?

ಮೊದಲು ತಿರುಗುವ ವಿಷಯ. ಹೆದ್ದಾರಿಯಲ್ಲಿ ಎರಡು ಬಸ್ಸುಗಳು ಅಕ್ಕಪಕ್ಕ ಒಂದೇ ವೇಗದಲ್ಲಿ ಹೋಗುತ್ತಿವೆ ಅಂದುಕೊಳ್ಳಿ. ಒಂದರ ಕಿಟಕಿಯಿಂದ ನೋಡಿದರೆ ಇನ್ನೊಂದು ನಿಂತಂತೆ ಕಾಣುತ್ತದೆ. ಅದು ಸ್ವಲ್ಪ ನಿಧಾನವಾದರೆ ಹಿಂದಕ್ಕೆ ಜಾರಿದಂತೆ ಕಾಣುತ್ತದೆ. ನಿಜವಾಗಿ ಎರಡೂ ಮುಂದಕ್ಕೇ ಓಡುತ್ತಿರುತ್ತವೆ, ಅಲ್ವಾ?

ಭೂಮಿಯಲ್ಲೂ ಹೀಗೆಯೇ. ನಾವು ನಿಂತ ನೆಲ, ಅದರ ಕೆಳಗಿನ ಮ್ಯಾಂಟಲ್ ಎಂಬ ಬಂಡೆಯ ಪದರ, ಒಳಗಿನ ಗೋಳ, ಎಲ್ಲವೂ ದಿನಕ್ಕೊಂದು ಸುತ್ತಿನಂತೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಲೇ ಇವೆ. ಆದರೆ ಒಳಗೋಳದ ಸುತ್ತ ಸುಮಾರು 2,260 ಕಿ.ಮೀ. ದಪ್ಪದ ಕರಗಿದ ಕಬ್ಬಿಣದ ಪದರವಿದೆ. ಹಾಗಾಗಿ ಅದು ಮ್ಯಾಂಟಲ್‌ಗಿಂತ ಒಂಚೂರು ಮುಂದೆ ಅಥವಾ ಹಿಂದೆ ಜಾರಬಹುದು. 1996ರಲ್ಲಿ ಭೂಕಂಪ ವಿಜ್ಞಾನಿಗಳಾದ ಷಿಯಾವೊಡಾಂಗ್ ಸಾಂಗ್ ಮತ್ತು ಪಾಲ್ ರಿಚರ್ಡ್ಸ್ ಅದು ವರ್ಷಕ್ಕೆ ಸುಮಾರು 1 ಡಿಗ್ರಿ ಮುಂದೆ ಹೋಗುತ್ತಿದೆ ಎಂದರು. ಆಮೇಲಿನ ಲೆಕ್ಕಗಳಲ್ಲಿ ಆ ಅಂಕಿ ತುಂಬಾ ಇಳಿಯಿತು. 2023ರಲ್ಲಿ ಅದೇ ಸಾಂಗ್, ಯಿ ಯಾಂಗ್ ಜೊತೆ ಸೇರಿ, 2009ರ ಹೊತ್ತಿಗೆ ಈ ಮುನ್ನಡೆ ನಿಂತಿತು ಎಂದು ತೋರಿಸಿದರು. "ನಿಂತಿದೆ" ಎಂಬ ಸುದ್ದಿಯ ಮೂಲ ಇಷ್ಟೇ. ನಿಂತದ್ದು ಮುನ್ನಡೆ. ತಿರುಗುವಿಕೆ ನಿಂತಿಲ್ಲ.

## ಆಳವನ್ನು ಕೇಳಿಸಿಕೊಳ್ಳುವ ಬಗೆ

ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದರ ಆಳ ಬರೀ 12 ಕಿ.ಮೀ. ಒಳಗೋಳ ಶುರುವಾಗುವುದು 5,150 ಕಿ.ಮೀ. ಆಳದಲ್ಲಿ. ಅಲ್ಲಿಗೆ ಹೋಗಿ ಬರುವುದು ಭೂಕಂಪದ ಅಲೆಗಳು ಮಾತ್ರ. 1929ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆದ ಭೂಕಂಪದ ಅಲೆಗಳನ್ನು ಡೆನ್ಮಾರ್ಕ್‌ನ ಇಂಗೆ ಲೇಮನ್ ಅಧ್ಯಯನ ಮಾಡಿದರು. ಬರಬಾರದ ಜಾಗದಲ್ಲಿ ಅಲೆ ಬಂದದ್ದನ್ನು ಗುರುತಿಸಿದರು. 1936ರಲ್ಲಿ, ಕರಗಿದ ಕಬ್ಬಿಣದ ಒಳಗೆ ಇನ್ನೊಂದು ಗೋಳ ಇದೆ ಎಂದು ಜಗತ್ತಿಗೆ ಹೇಳಿದರು. ಅದರ ತ್ರಿಜ್ಯ ಸುಮಾರು 1,220 ಕಿ.ಮೀ. ಚಂದ್ರನ ತ್ರಿಜ್ಯದ ಸುಮಾರು 70%.

ಈಗಿನ ಚರ್ಚೆಗೆ ಆಧಾರವಾದದ್ದು ಒಂದು ವಿಶೇಷ ಬಗೆಯ ಭೂಕಂಪ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ, ಅದೇ ಜಾಗದಲ್ಲಿ ಅದೇ ಬಗೆಯ ಭೂಕಂಪ ಕೆಲವು ವರ್ಷಗಳ ಅಂತರದಲ್ಲಿ ಮರುಕಳಿಸುತ್ತದೆ. ಅದರ ಅಲೆಗಳು ಒಳಗೋಳವನ್ನು ದಾಟಿ ಅಲಾಸ್ಕಾ ಮತ್ತು ಕೆನಡಾದ ಯೆಲ್ಲೋನೈಫ್‌ನಲ್ಲಿರುವ ಉಪಕರಣಗಳಿಗೆ ಮುಟ್ಟುತ್ತವೆ. ಹೊರಟ ಜಾಗ ಒಂದೇ, ತಲುಪಿದ ಜಾಗವೂ ಒಂದೇ. ಆದರೂ ಅಲೆಯ ರೂಪ ಬದಲಾಗಿದ್ದರೆ ನಡುವಿನ ಗೋಳ ಬದಲಾಗಿದೆ ಎಂದರ್ಥ.

ಯೆಲ್ಲೋನೈಫ್ ಉಪಕರಣ ಜಾಲಕ್ಕೆ ನಮ್ಮಲ್ಲೊಬ್ಬ ತಮ್ಮ ಇದ್ದಾನೆ: ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಭೂಕಂಪ ಮಾಪನ ಜಾಲ. ಎರಡೂ 1960ರ ದಶಕದಲ್ಲಿ ಬ್ರಿಟನ್ನಿನ ಒಂದೇ ವಿನ್ಯಾಸದ ಮೇಲೆ ಹುಟ್ಟಿದವು. ಬೇರೆ ದೇಶಗಳ ಪರಮಾಣು ಸ್ಫೋಟ ಪತ್ತೆ ಮಾಡುವುದು ಆಗಿನ ಉದ್ದೇಶ. ಬಾಂಬಿನ ಸದ್ದು ಕೇಳಲು ಕಟ್ಟಿದ ಇಂಥ ಕಿವಿಗಳು ಈಗ ಭೂಮಿಯ ಎದೆಯ ಸದ್ದನ್ನೂ ಕೇಳಿಸುತ್ತಿವೆ.

2024ರಲ್ಲಿ ವೈ ವಾಂಗ್ ಮತ್ತು ಜಾನ್ ವಿಡಾಲೆ ಅವರ ತಂಡ ಇಂಥ 121 ಭೂಕಂಪಗಳನ್ನು ಜೋಡಿ ಜೋಡಿಯಾಗಿ ಹೋಲಿಸಿತು. ಮೊದಲು ಬದಲಾದ ಅಲೆಯ ರೂಪ, ಕೆಲವು ವರ್ಷಗಳ ನಂತರ ಮತ್ತೆ ಹಳೆಯ ರೂಪಕ್ಕೇ ಮರಳಿತ್ತು. ಗೋಳ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬಂದಿದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ತೊಡಕು ಬಂದದ್ದು ಆಮೇಲೆ. ಗೋಳ ಅದೇ ಸ್ಥಾನಕ್ಕೆ ಬಂದಿದ್ದರೂ ಯೆಲ್ಲೋನೈಫ್‌ನ ಕೆಲವು ಅಲೆಗಳು ಹೊಂದಲಿಲ್ಲ. ಗೋಳದ ಮೇಲ್ಮೈಯೇ ಬದಲಾಗಿದೆ ಎಂದು 2025ರಲ್ಲಿ ತಂಡ ಹೇಳಿದ್ದು ಇದರಿಂದ.

## ಒತ್ತಡ ಒಂದು ಕಡೆ, ಬಿಸಿ ಇನ್ನೊಂದು ಕಡೆ

ಒಳಗೋಳದ ಅಂಚಿನಲ್ಲಿ ಒತ್ತಡ ಸುಮಾರು 330 ಗಿಗಾಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 33 ಲಕ್ಷ ಪಟ್ಟು. ನಟ್ಟನಡುವೆ 36 ಲಕ್ಷ ಪಟ್ಟು. ಬಿಸಿ 5,000ದಿಂದ 6,000 ಡಿಗ್ರಿಯಷ್ಟು, ಹೆಚ್ಚುಕಡಿಮೆ ಸೂರ್ಯನ ಮೇಲ್ಮೈಯಷ್ಟು.

ಈ ಎರಡೂ ಎದುರುಬದುರಾಗಿ ಎಳೆಯುತ್ತವೆ. ಮಾಮೂಲಿ ಕಬ್ಬಿಣ 1,538 ಡಿಗ್ರಿಯಲ್ಲಿ ಕರಗುತ್ತದೆ. ಅಷ್ಟು ಒತ್ತಡ ಬಿದ್ದರೆ ಪರಮಾಣುಗಳು ಒತ್ತಾಗಿ ಕೂರಬೇಕಾಗುತ್ತದೆ, ಕರಗಲು ಜಾಗ ಸಿಗುವುದಿಲ್ಲ. ಕರಗುವ ಬಿಂದು 6,000 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಹಾಗಾಗಿಯೇ ಅಷ್ಟು ಬಿಸಿಯಲ್ಲೂ ಒಳಗೋಳ ಘನವಾಗಿದೆ. ಆದರೆ ಅದು ಕರಗುವ ಗೆರೆಯ ಪಕ್ಕದಲ್ಲೇ ಇದೆ. ಅಂಚಿನಲ್ಲಂತೂ ಗೆರೆಯ ಮೇಲೆಯೇ ಇದೆ, ಯಾಕೆಂದರೆ ಹೊರಗಿನ ದ್ರವ ಹೆಪ್ಪುಗಟ್ಟಿ ಗೋಳಕ್ಕೆ ಸೇರುತ್ತಿರುವುದೇ ಅಲ್ಲಿ.

ಕುಲುಮೆಯ ಹತ್ತಿರ ನಿಂತವರಿಗೆ ಇದರ ಅರ್ಥ ಬೇಗ ಆಗುತ್ತದೆ. ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನುತ್ತಾರೆ. ಕೆಂಪಗೆ ಕಾದ ಸಲಾಕೆ ಕರಗಿರುವುದಿಲ್ಲ. ಇಕ್ಕಳದಲ್ಲಿ ಹಿಡಿಯಬಹುದು. ಆದರೂ ಸುತ್ತಿಗೆ ಹೇಳಿದಂತೆ ಕೇಳುತ್ತದೆ. ಲೋಹ ಕರಗುವ ಬಿಂದುವಿಗೆ ಹತ್ತಿರವಾದಷ್ಟೂ ಸುಲಭವಾಗಿ ಬಾಗುತ್ತದೆ. ಕಮ್ಮಾರನ ಸಲಾಕೆ ಆ ಬಿಂದುವಿನಿಂದ ಇನ್ನೂ ಎಷ್ಟೋ ದೂರ ಇರುತ್ತದೆ. ಒಳಗೋಳ ಅದಕ್ಕಿಂತ ಎಷ್ಟೋ ಹತ್ತಿರ ಇದೆ.

## ಬಾಗುವಾಗ ಒಳಗೆ ಏನಾಗುತ್ತದೆ?

ಕಬ್ಬಿಣದಲ್ಲಿ ಪರಮಾಣುಗಳು ಸಾಲುಸಾಲಾಗಿ ಜೋಡಣೆಯಾಗಿರುತ್ತವೆ. ಹೀಗೆ ಜೋಡಣೆಯಾದ ಒಂದೊಂದು ತುಣುಕೂ ಒಂದು ಹರಳು. ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಒಂದು ಲಕ್ಷ ಪಟ್ಟು ದಾಟಿದ ಮೇಲೆ ಈ ಜೋಡಣೆ ಬದಲಾಗಿ ಇನ್ನೂ ಬಿಗಿಯಾಗುತ್ತದೆ. ತಟ್ಟೆಯಲ್ಲಿ ಲಾಡು ಜೋಡಿಸುವಾಗ ಕೆಳಗಿನ ಸಾಲಿನ ಸಂದುಗಳಲ್ಲಿ ಮೇಲಿನ ಸಾಲು ಕೂರುತ್ತದಲ್ಲ, ಹಾಗೆ. ಪ್ರತಿ ಪರಮಾಣುವಿಗೆ ಸುತ್ತ 12 ನೆರೆಹೊರೆ. ಇದನ್ನು ಷಟ್ಕೋನ ಜೋಡಣೆ ಎನ್ನೋಣ. 2010ರಲ್ಲಿ ಜಪಾನಿನ ತಂಡವೊಂದು ಎರಡು ವಜ್ರದ ತುದಿಗಳ ನಡುವೆ ಕಬ್ಬಿಣವನ್ನು ಹಿಸುಕಿ, 377 ಗಿಗಾಪ್ಯಾಸ್ಕಲ್ ಒತ್ತಡ ಮತ್ತು 5,700 ಕೆಲ್ವಿನ್ ಬಿಸಿಯಲ್ಲೂ ಇದೇ ಜೋಡಣೆ ಉಳಿಯುತ್ತದೆ ಎಂದು ತೋರಿಸಿತು. ಅಷ್ಟು ಬಿಸಿಯಲ್ಲಿ ಬೇರೆ ಜೋಡಣೆ ಬರಬಹುದು ಎಂದು ಲೆಕ್ಕ ಹಾಕುವವರೂ ಇದ್ದಾರೆ. ಷಟ್ಕೋನದ ಪಕ್ಷ ಸದ್ಯಕ್ಕೆ ಬಲವಾಗಿದೆ.

ಇನ್ನು ಬಾಗುವ ಬಗೆ. ಪರಮಾಣುಗಳ ಒಂದು ಇಡೀ ಪದರವನ್ನು ಒಮ್ಮೆಲೇ ಜಾರಿಸಲು ಅಪಾರ ಬಲ ಬೇಕು. ಲೋಹ ಅಷ್ಟು ಕಷ್ಟಪಡುವುದಿಲ್ಲ. ಛತ್ರದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದಡಿ ಸರಿಸಬೇಕು ಅಂದುಕೊಳ್ಳಿ. ತುದಿ ಹಿಡಿದು ಎಳೆದರೆ ಅಲುಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಮಾಡಿ, ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಹೋದರೆ ಇಡೀ ಜಮಖಾನ ಸರಿಯುತ್ತದೆ. ಲೋಹದ ಸಾಲುಗಳಲ್ಲಿರುವ ಇಂಥ ಸುಕ್ಕನ್ನು 1934ರಲ್ಲಿ ಒರೊವಾನ್, ಪೊಲಾನಿ, ಟೇಲರ್ ಎಂಬ ಮೂವರು ಬೇರೆಬೇರೆಯಾಗಿ ಊಹಿಸಿದರು. ಲೋಹ ಬಾಗುವುದೆಂದರೆ ಬಹುಪಾಲು ಈ ಸುಕ್ಕುಗಳ ಓಡಾಟ.

ಸುಕ್ಕುಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಲೋಹ ಬಿರುಸಾಗುತ್ತದೆ. ತಂತಿಯನ್ನು ಅದೇ ಜಾಗದಲ್ಲಿ ಮತ್ತೆಮತ್ತೆ ಬಾಗಿಸಿದರೆ ಗಟ್ಟಿಯಾಗಿ ಕೊನೆಗೆ ಮುರಿಯುವುದು ಇದರಿಂದಲೇ. ಕಮ್ಮಾರ ನಡುನಡುವೆ ಸಲಾಕೆಯನ್ನು ಮತ್ತೆ ಕುಲುಮೆಗೆ ಹಾಕುತ್ತಾನೆ. ಬಿಸಿಯಲ್ಲಿ ಪರಮಾಣುಗಳು ಜಾಗ ಬದಲಿಸಿ ಗಂಟುಗಳನ್ನು ಬಿಡಿಸುತ್ತವೆ. ಒಳಗೋಳ ಎಂದೂ ಕುಲುಮೆಯಿಂದ ಹೊರಗೆ ಬರುವುದಿಲ್ಲ. ಅಲ್ಲಿ ಗಂಟು ಬೀಳುವುದು, ಬಿಡುವುದು ಎರಡೂ ಒಟ್ಟಿಗೆ ನಡೆದೇ ಇರುತ್ತದೆ. ಹಾಗಾಗಿ ಅದು ಮುರಿಯದೆ ತೀರಾ ನಿಧಾನವಾಗಿ ಹರಿಯಬಲ್ಲದು. ಹಿಮನದಿಯ ಮಂಜುಗಡ್ಡೆ ಘನವಾಗಿದ್ದೂ ಬೆಟ್ಟ ಇಳಿಯುವ ಹಾಗೆ.

ಬಾಗಲು ಇನ್ನೊಂದು ದಾರಿಯೂ ಇದೆ. ಸುಕ್ಕು ಓಡಲು ಸಮಯವಿಲ್ಲದಷ್ಟು ಬೇಗ ಹೊಡೆತ ಬಿದ್ದರೆ, ಹರಳಿನ ಒಂದು ಭಾಗ ಪಟ್ಟನೆ ಹೊರಳಿ ಉಳಿದ ಭಾಗದ ಕನ್ನಡಿ ಬಿಂಬದಂತೆ ಕೂರುತ್ತದೆ. ಇದಕ್ಕೆ ಅವಳಿ ಹರಳು ಎನ್ನಬಹುದು. ತವರದ ಕಡ್ಡಿಯನ್ನು ಬಾಗಿಸಿದಾಗ ಕಿರ್ ಎಂದು ಸದ್ದು ಬರುವುದು ಹರಳುಗಳು ಹೀಗೆ ಹೊರಳುವುದರಿಂದ.

## ಲೇಸರ್ ಹೊಡೆತದಲ್ಲಿ ಕಂಡದ್ದು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಮಾಡಿದ ಒಂದು ಪ್ರಯೋಗದ ವರದಿ 2021ರಲ್ಲಿ ಬಂತು. ಫ್ರಾನ್ಸಿನ ಲೀಲ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಮೆರ್ಕೆಲ್ ಅದರ ಮೊದಲ ಲೇಖಕ. ಕಬ್ಬಿಣದ ಚಿಕ್ಕ ತುಣುಕಿಗೆ ಲೇಸರ್‌ನಿಂದ ಆಘಾತ ಕೊಟ್ಟರು. ಒತ್ತಡ 187 ಗಿಗಾಪ್ಯಾಸ್ಕಲ್‌ವರೆಗೆ, ಬಿಸಿ 4,070 ಕೆಲ್ವಿನ್‌ವರೆಗೆ ಏರಿತು. ಒಳಗೋಳದ ಸ್ಥಿತಿ ಇನ್ನೂ ಕಠಿಣ. ಕರಗಿದ ಹೊರಗೋಳದ ಒತ್ತಡಕ್ಕೆ ಇದು ಹತ್ತಿರ.

ಇಷ್ಟೆಲ್ಲ ಆದದ್ದು ನ್ಯಾನೊಸೆಕೆಂಡುಗಳಲ್ಲಿ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೊಸೆಕೆಂಡ್. ಅದನ್ನೂ ಹತ್ತು ಲಕ್ಷ ಪಾಲು ಮಾಡಿದರೆ ಫೆಮ್ಟೊಸೆಕೆಂಡ್. ಕೆಲವೇ ಹತ್ತು ಫೆಮ್ಟೊಸೆಕೆಂಡುಗಳಷ್ಟು ಉದ್ದದ ಎಕ್ಸ್-ರೇ ಮಿಂಚಿನಿಂದ ಪರಮಾಣುಗಳ ಜೋಡಣೆಯ ಚಿತ್ರ ತೆಗೆದರು. ಕಬ್ಬಿಣ ಮೊದಲು ತಡೆದುಕೊಂಡಿತು, ತನ್ನ ಮಾಮೂಲಿ ಬಲಕ್ಕಿಂತ ಹಲವು ಪಟ್ಟು. ಆಮೇಲೆ ಒಂದು ನ್ಯಾನೊಸೆಕೆಂಡಿನ ಒಳಗೆ ಹರಳುಗಳು ಅವಳಿಯಾಗಿ ಹೊರಳಿ, ಕಬ್ಬಿಣ ಹರಿಯತೊಡಗಿತು. ಮೊದಲಿನ ಬಿಗಿತಕ್ಕೆ ಕಾರಣ ಸರಳ. ಸುಕ್ಕುಗಳು ಹುಟ್ಟಿ ಓಡಲು ಸಮಯ ಬೇಕು. ಆ ಸಮಯ ಸಿಗುವ ಮುನ್ನವೇ ಹೊಡೆತ ಬಿದ್ದಿತ್ತು.

ಗ್ರಹಗಳು ಡಿಕ್ಕಿ ಹೊಡೆಯುವಾಗ ಅವುಗಳ ಕಬ್ಬಿಣ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಈ ಪ್ರಯೋಗ ನೇರವಾಗಿ ನೆರವಾಗುತ್ತದೆ. ಶಾಂತವಾಗಿ ಕುಳಿತ ಒಳಗೋಳಕ್ಕೆ ಹಾಗೇ ಅನ್ವಯಿಸಿದರೆ ತಪ್ಪಾಗುತ್ತದೆ. "ಭೂಗರ್ಭದ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಿದರು" ಎಂಬ ಸುದ್ದಿಗಳಲ್ಲಿ ಈ ಎಚ್ಚರಿಕೆ ಬಿಟ್ಟುಹೋಗುತ್ತದೆ.

ಯಾಕೆ ತಪ್ಪು ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು. ಆ ಪ್ರಯೋಗದಲ್ಲಿ ಆಕಾರ ಬದಲಾದ ದರ ಸೆಕೆಂಡಿಗೆ 10 ಕೋಟಿ ಪಟ್ಟು. ಒಳಗೋಳ ವರ್ಷಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. 1,220 ಕಿ.ಮೀ. ತ್ರಿಜ್ಯದಲ್ಲಿ 1 ಮಿ.ಮೀ. ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು ಕೂಡ ಇಲ್ಲ, ಅದಕ್ಕೂ ಒಂದು ವರ್ಷ ಬೇಕು. ಎರಡು ದರಗಳ ನಡುವಿನ ಅಂತರ ಬರೆಯಲು 1ರ ಮುಂದೆ 20ಕ್ಕಿಂತ ಜಾಸ್ತಿ ಸೊನ್ನೆ ಬೇಕು. ಒತ್ತಡವನ್ನೂ ಬಿಸಿಯನ್ನೂ ಮನುಷ್ಯ ತರಬಲ್ಲ. ಕೋಟಿಗಟ್ಟಲೆ ವರ್ಷಗಳನ್ನು ತರಲಾರ. ಹಾಗಾಗಿ ನಿಧಾನದ ಹರಿವನ್ನು ಕಂಪ್ಯೂಟರ್ ಲೆಕ್ಕದಿಂದಲೋ, ನಿಧಾನವಾಗಿ ಹಿಸುಕುವ ಬೇರೆ ಪ್ರಯೋಗಗಳಿಂದಲೋ ಊಹಿಸಬೇಕು.

## ಡಾಂಬರೋ, ಬಂಡೆಯೋ?

ಊಹೆಗಳು ಬೇರೆಯಾಗುವುದು ಇಲ್ಲೇ. ಒಂದು ವಸ್ತು ಹರಿಯಲು ಎಷ್ಟು ಹಟ ಮಾಡುತ್ತದೆ ಎಂಬುದನ್ನು ಸ್ನಿಗ್ಧತೆ ಎಂಬ ಅಂಕಿಯಿಂದ ಅಳೆಯುತ್ತಾರೆ. ಜೇನುತುಪ್ಪದ್ದು ನೀರಿಗಿಂತ ಸಾವಿರಾರು ಪಟ್ಟು ಜಾಸ್ತಿ. ಡಾಂಬರಿನಂಥ ಪಿಚ್ ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುತ್ತದೆ, ಸುಮ್ನೆ ಬಿಟ್ಟರೆ ತೊಟ್ಟಿಕ್ಕುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಶುರುವಾದ ಪ್ರಯೋಗದಲ್ಲಿ 2014ರವರೆಗೆ ಬಿದ್ದದ್ದು 9 ಹನಿ. ಗಟ್ಟಿ ಎನ್ನುವುದು ನಾವು ಎಷ್ಟು ಹೊತ್ತು ಕಾಯುತ್ತೇವೆ ಎಂಬುದರ ಮೇಲೂ ನಿಂತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಳಗೋಳದ ಸ್ನಿಗ್ಧತೆಗೆ ವಿಜ್ಞಾನಿಗಳು ಕೊಟ್ಟಿರುವ ಅಂಕಿಗಳು, 1ರ ಮುಂದೆ 11 ಸೊನ್ನೆಯಿಂದ ಹಿಡಿದು 22 ಸೊನ್ನೆಯವರೆಗೆ ಹರಡಿವೆ. ಕೆಳಗಿನ ಅಂಕಿ ನಿಜವಾದರೆ ಒಳಗೋಳ ಪಿಚ್‌ಗಿಂತ ಗಟ್ಟಿ, ಹಿಮನದಿಗಿಂತ ಮೆತ್ತಗೆ. ಮೇಲಿನದು ನಿಜವಾದರೆ ಮ್ಯಾಂಟಲ್‌ನ ಬಂಡೆಯಷ್ಟು ಹಟಮಾರಿ. ನಡುವಿನ ಅಂತರ 10,000 ಕೋಟಿ ಪಟ್ಟು. ಹರಳುಗಳು ಎಷ್ಟು ದೊಡ್ಡವು, ಯಾವ ಬಗೆಯ ಸುಕ್ಕು ಓಡುತ್ತದೆ, ಕಬ್ಬಿಣದಲ್ಲಿ ಬೇರೆ ಏನೇನು ಬೆರೆತಿದೆ ಎಂಬುದರ ಮೇಲೆ ಉತ್ತರ ಇಷ್ಟು ಬದಲಾಗುತ್ತದೆ.

ಈಚಿನ ಕೆಲಸಗಳು ಮೆತ್ತಗಿನ ಕಡೆಗೆ ವಾಲುತ್ತಿವೆ. ಒಳಗೋಳದಲ್ಲಿ ಅಡ್ಡ ಅಲೆಗಳು (ಸಾಗುವ ದಿಕ್ಕಿಗೆ ಅಡ್ಡಲಾಗಿ ವಸ್ತುವನ್ನು ಅಲುಗಿಸುವ ಭೂಕಂಪದ ಅಲೆಗಳು) ನಿರೀಕ್ಷೆಗಿಂತ ನಿಧಾನವಾಗಿ ಸಾಗುತ್ತವೆ. ಇದು ಮೆತ್ತಗಿನ ವಸ್ತುವಿನ ಲಕ್ಷಣ. 2022ರ ಒಂದು ಲೆಕ್ಕದ ಪ್ರಕಾರ, ಕಬ್ಬಿಣದ ಜೊತೆ ಬೆರೆತ ಜಲಜನಕ, ಇಂಗಾಲ, ಆಮ್ಲಜನಕದ ಪರಮಾಣುಗಳು ಘನ ಕಬ್ಬಿಣದ ಸಂದುಗಳಲ್ಲಿ ದ್ರವದಂತೆ ಓಡಾಡುತ್ತವೆ. 2023ರಲ್ಲಿ ಇನ್ನೊಂದು ತಂಡ, ಕಬ್ಬಿಣದ ಪರಮಾಣುಗಳೇ ಗುಂಪಾಗಿ ಒಂದರ ಜಾಗಕ್ಕೆ ಇನ್ನೊಂದು ಸರಿಯುತ್ತವೆ, ಆದರೂ ಜೋಡಣೆ ಕೆಡುವುದಿಲ್ಲ ಎಂದು ಹೇಳಿತು. ಇವು ಬೇರೆಬೇರೆ ದಾರಿಯಲ್ಲಿ ಒಂದೇ ಕಡೆ ಬೆರಳು ತೋರಿಸುತ್ತಿವೆ. ಹಾಗಾಗಿ ಮೆತ್ತಗಿನ ಪಕ್ಷವನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು.

## ಈ ಅಂಕಿಯಿಂದ ಏನೇನು ನಿರ್ಧಾರವಾಗುತ್ತದೆ?

ತಿರುಗುವಿಕೆಯನ್ನೇ ತೆಗೆದುಕೊಳ್ಳಿ. ಮ್ಯಾಂಟಲ್‌ನಲ್ಲಿ ಕೆಲವು ಕಡೆ ದ್ರವ್ಯ ಒತ್ತಾಗಿದೆ, ಕೆಲವು ಕಡೆ ವಿರಳ. ಅದರ ಗುರುತ್ವದ ಎಳೆತಕ್ಕೆ ಒಳಗೋಳ ಸ್ವಲ್ಪ ಉಬ್ಬಿರುತ್ತದೆ. ಗೋಳ ಗಟ್ಟಿಯಾಗಿದ್ದರೆ ಆ ಉಬ್ಬು ಬಿಡುವುದಿಲ್ಲ. ಗೋಳ ಮುಂದೆ ಸರಿದಾಗ ಮ್ಯಾಂಟಲ್ ಅದನ್ನು ಹಿಂದಕ್ಕೆ ಎಳೆಯುತ್ತದೆ, ಅದು ತೂಗುಯ್ಯಾಲೆಯಂತೆ ಹಿಂದೆಮುಂದೆ ಆಡುತ್ತದೆ. ಗೋಳ ಮೆತ್ತಗಿದ್ದರೆ ಉಬ್ಬು ಹೊಸ ಜಾಗಕ್ಕೆ ಹೊಂದಿಕೊಂಡು ಗೋಳ ಜಾರಿಕೊಂಡು ಹೋಗುತ್ತದೆ. ಹಾಗಾಗಿ "ಹಿಂದಕ್ಕೆ ತಿರುಗಿತು" ಮತ್ತು "ಆಕಾರ ಬದಲಿಸಿತು" ಎಂಬ ಎರಡು ಸುದ್ದಿಗಳೂ ಒಂದೇ ಗಂಟಿನ ಎರಡು ತುದಿಗಳು.

ವಾದ ಇನ್ನೂ ಮುಗಿದಿಲ್ಲ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಲಿಯಾನ್‌ಷಿಂಗ್ ವೆನ್ 2006ರಿಂದಲೇ ಗೋಳದ ಮೇಲ್ಮೈ ಬದಲಾಗುತ್ತಿದೆ ಎನ್ನುತ್ತಿದ್ದಾರೆ. ತಿರುಗುವಿಕೆಯ ವ್ಯತ್ಯಾಸ ಬೇಕಾಗಿಯೇ ಇಲ್ಲ, ಮೇಲ್ಮೈ ಬದಲಾವಣೆಯೇ ಸಾಕು ಎಂಬುದು ಅವರ ವಾದ. ವಿಡಾಲೆ ತಂಡ 2025ರಲ್ಲಿ ಎರಡೂ ಇವೆ ಎಂದಿತು. ಹೊರಗಿನ ದ್ರವ ಕಬ್ಬಿಣದ ಹರಿವು ಮೇಲ್ಮೈಯನ್ನು ತಳ್ಳುತ್ತಿರಬಹುದು, ಮ್ಯಾಂಟಲ್‌ನ ಎಳೆತವೂ ಇರಬಹುದು ಎನ್ನುವುದು ಅವರ ಊಹೆ. ಕರಗುವ ಗೆರೆಯ ಮೇಲೆಯೇ ಕುಳಿತ ಪದರ ಹೀಗೆ ಮಣಿದರೆ ಆಶ್ಚರ್ಯವಿಲ್ಲ.

ಇನ್ನೊಂದು ಗುರುತು ಇಡೀ ಗೋಳದೊಳಗೆ ಹರಡಿದೆ. ಭೂಕಂಪದ ಅಲೆಗಳು ಒಳಗೋಳದಲ್ಲಿ ಉತ್ತರ ದಕ್ಷಿಣವಾಗಿ ಸಾಗುವಾಗ, ಪೂರ್ವ ಪಶ್ಚಿಮಕ್ಕಿಂತ ಸುಮಾರು 3% ಬೇಗ ಸಾಗುತ್ತವೆ. ಮರದ ಎಳೆಗುಂಟ ಸದ್ದು ಬೇಗ ಸಾಗುವ ಹಾಗೆ. ಅಂದರೆ ಕಬ್ಬಿಣದ ಹರಳುಗಳು ಅಡ್ಡಾದಿಡ್ಡಿಯಾಗಿಲ್ಲ, ಬಹುಪಾಲು ಒಂದೇ ದಿಕ್ಕಿಗೆ ಮುಖ ಮಾಡಿವೆ. ಅವುಗಳನ್ನು ಹಾಗೆ ಬಾಚಿದ್ದು ಯಾವುದು? ಹರಿವೇ ಇರಬೇಕು. 2021ರಲ್ಲಿ ಡೇನಿಯಲ್ ಫ್ರಾಸ್ಟ್ ಮತ್ತು ಜೊತೆಗಾರರು ಒಂದು ವಿವರಣೆ ಕೊಟ್ಟರು. ಒಳಗೋಳ ಇಂಡೋನೇಷ್ಯಾದ ಬಾಂಡಾ ಸಮುದ್ರದ ಕೆಳಗೆ ಬೇಗ, ಬ್ರೆಜಿಲ್ ಕೆಳಗೆ ನಿಧಾನವಾಗಿ ಬೆಳೆಯುತ್ತಿದೆ. ಗುರುತ್ವ ಈ ಡೊಂಕನ್ನು ಸಮ ಮಾಡುತ್ತದೆ, ಜಾಸ್ತಿ ಬೆಳೆದ ಕಡೆಯಿಂದ ಕಬ್ಬಿಣ ಮೆಲ್ಲಗೆ ಸರಿಯುತ್ತದೆ. ಸರಿಯುವಾಗ ಹರಳುಗಳು ಒಂದು ದಿಕ್ಕಿಗೆ ತಿರುಗುತ್ತವೆ. ಈ ವಿವರಣೆ ನಿಲ್ಲಬೇಕಾದರೂ ಕಬ್ಬಿಣ ಸಾಕಷ್ಟು ಮೆತ್ತಗಿರಬೇಕು.

## ನಮಗೆ ಏನಾಗುತ್ತದೆ?

ದಿನನಿತ್ಯದ ಬದುಕಿಗೆ ಏನೂ ಆಗುವುದಿಲ್ಲ. ಒಳಗೋಳದ ಈ ಹಿಂದುಮುಂದಿನ ಆಟದಿಂದ ದಿನದ ಉದ್ದ ಬದಲಾದರೂ ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕ. ಗಡಿಯಾರಕ್ಕೆ ಗೊತ್ತಾಗುತ್ತದೆ, ಮನುಷ್ಯನಿಗೆ ಗೊತ್ತಾಗುವುದಿಲ್ಲ. ಭೂಕಂಪಗಳು ಹುಟ್ಟುವುದು ಮೇಲಿನ ಕೆಲವು ನೂರು ಕಿ.ಮೀ.ಗಳಲ್ಲಿ. ಒಳಗೋಳ ನಿಧಾನವಾದದ್ದಕ್ಕೂ ಅವಕ್ಕೂ ಸಂಬಂಧ ಕಟ್ಟುವ ಸಂದೇಶಗಳನ್ನು ನಂಬಬೇಕಾಗಿಲ್ಲ.

ದೀರ್ಘಕಾಲದ ನಂಟು ಇರುವುದು ಭೂಮಿಯ ಕಾಂತಕ್ಷೇತ್ರದ ಜೊತೆ. ಸೂರ್ಯನಿಂದ ಬರುವ ಕಣಗಳಿಂದ ನಮ್ಮನ್ನು ಕಾಯುವ ಆ ಕ್ಷೇತ್ರ ಹುಟ್ಟುವುದು ಹೊರಗಿನ ಕರಗಿದ ಕಬ್ಬಿಣದ ಕುದಿತದಲ್ಲಿ. ಒಳಗೋಳ ಬೆಳೆಯುವಾಗ ಬಿಸಿಯನ್ನೂ ಹಗುರ ಧಾತುಗಳನ್ನೂ ಹೊರಗೆ ಬಿಡುತ್ತದೆ. ಅವು ಮೇಲೇರಿ ಆ ಕುದಿತವನ್ನು ನಡೆಸುತ್ತವೆ. ಗೋಳ ಎಲ್ಲಿ ಬೇಗ ಬೆಳೆಯುತ್ತದೆ, ಬೆಳೆದದ್ದು ಹೇಗೆ ಹರಿದು ಸಮವಾಗುತ್ತದೆ ಎಂಬುದು ತಿಳಿದರೆ, ಈ ಎಂಜಿನ್ ಎಂದಿನಿಂದ ಓಡುತ್ತಿದೆ ಎಂದು ಲೆಕ್ಕ ಹಾಕಬಹುದು. ಒಳಗೋಳದ ವಯಸ್ಸು 50 ಕೋಟಿ ವರ್ಷವೋ, 100 ಕೋಟಿಗಿಂತ ಜಾಸ್ತಿಯೋ ಎಂಬುದೂ ಇನ್ನೂ ಚರ್ಚೆಯಲ್ಲೇ ಇದೆ.

## ಮುಂದಿನ ಪರೀಕ್ಷೆ

ಎರಡು ಊಹೆಗಳು ಈಗ ಎದುರುಬದುರು ನಿಂತಿವೆ. ಯಾಂಗ್ ಮತ್ತು ಸಾಂಗ್ ಪ್ರಕಾರ ಈ ಆಟ ಸುಮಾರು 70 ವರ್ಷಕ್ಕೊಂದು ಸುತ್ತು ಮುಗಿಸುತ್ತದೆ. 1970ರ ದಶಕದ ಆರಂಭದಲ್ಲಿ ಒಂದು ತಿರುವು, 2009ರಲ್ಲಿ ಇನ್ನೊಂದು. ಹಾಗಿದ್ದರೆ ಮುಂದಿನದು 2040ರ ದಶಕದ ನಡುವಿಗೆ ಬರಬೇಕು. ವಿಡಾಲೆ ಅವರು 2022ರಲ್ಲಿ, ಅಲಾಸ್ಕಾದ ಆಮ್ಚಿಟ್ಕಾ ದ್ವೀಪದಲ್ಲಿ 1969 ಮತ್ತು 1971ರಲ್ಲಿ ಮಾಡಿದ ಪರಮಾಣು ಸ್ಫೋಟಗಳ ದಾಖಲೆ ನೋಡಿ, ಸುಮಾರು 6 ವರ್ಷದ ಚಿಕ್ಕ ಸುತ್ತು ಇರಬಹುದು ಎಂದಿದ್ದರು. ಇವುಗಳಲ್ಲಿ ಯಾವುದು ಉಳಿಯುತ್ತದೆ ಎಂದು ಹೇಳಲು ಹೊಸ ದಾಖಲೆ ಬೇಕು. ಸೌತ್ ಸ್ಯಾಂಡ್‌ವಿಚ್ ಬಳಿ ಹಳೆಯ ಜಾಗದಲ್ಲೇ ಮತ್ತೊಂದು ಭೂಕಂಪವಾದಾಗ, ಅದರ ಅಲೆಗಳು ಸುಮಾರು 20 ನಿಮಿಷದಲ್ಲಿ ಕಬ್ಬಿಣದ ಗೋಳವನ್ನು ಹಾದು ಯೆಲ್ಲೋನೈಫ್ ಮುಟ್ಟುತ್ತವೆ. ಅದರ ಗೆರೆಯನ್ನು ಹಿಂದಿನ ಗೆರೆಗಳ ಪಕ್ಕದಲ್ಲಿಟ್ಟು ನೋಡಬೇಕು.